ಗ್ರೇಡು ಬರೆಯುವವರು ಯಾರು?

"ಸಮಾನ ಕೆಲಸಕ್ಕೆ ಸಮಾನ ವೇತನ ಅನ್ನೋ ಸಾಲನ್ನ ಈ ಸಲ ಬೇಡಿಕೆ ಪಟ್ಟಿಯಲ್ಲಿ ಹಾಕೋದೇ ಬೇಡ ಅಂತೀನಿ ನಾನು," ಎಂದು ಮಾತು ಶುರು ಮಾಡಿದವರು ಕಾರ್ಯದರ್ಶಿ. "ಅದು ಕಾನೂನಿನಲ್ಲೇ ಇದೆ. ಇರೋದನ್ನ ಮತ್ತೆ ಕೇಳಿದರೆ ಮ್ಯಾನೇಜ್‌ಮೆಂಟ್‌ನವರು 'ಆಯ್ತು, ಕೊಡ್ತಾನೇ ಇದ್ದೀವಲ್ಲ' ಅಂತ ಟಿಕ್ ಹಾಕಿ ಮುಂದಿನ ಸಾಲಿಗೆ ಹೋಗ್ತಾರೆ. ಒಂದು ಬೇಡಿಕೆ ಸುಮ್ಮನೆ ಕೈಬಿಟ್ಟ ಹಾಗಾಗುತ್ತೆ."

ಅದು ಪೀಣ್ಯದ ಒಂದು ಕಾರ್ಮಿಕ ಸಂಘದ ಕಚೇರಿ. ಭಾನುವಾರವಾದ್ದರಿಂದ ಕೆಳಗಿನ ವರ್ಕ್‌ಶಾಪುಗಳ ಸದ್ದಿರಲಿಲ್ಲ. ಮೇಜಿನ ಸುತ್ತ ಮೂವರು ಕೂತಿದ್ದರು. ಕಾರ್ಯದರ್ಶಿ ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. 1980ರ ಡಿಸೆಂಬರ್ ಕೊನೆಯಲ್ಲಿ ಶುರುವಾಗಿ 77 ದಿನ ನಡೆದ ಬೆಂಗಳೂರಿನ ದೊಡ್ಡ ಮುಷ್ಕರದಲ್ಲಿ ಹುಡುಗನಾಗಿ ಗೇಟು ಕಾದವರು. ಎದುರಿಗಿದ್ದ ಹಿರಿಯಾಕೆ ಗಾರ್ಮೆಂಟ್ಸ್ ಲೈನಿನಲ್ಲಿ ಟೈಲರ್ ಆಗಿ ದುಡಿದು ಈಗ ಪೂರ್ಣಾವಧಿ ಸಂಘಟಕಿಯಾಗಿರುವವರು. ಮೂರನೆಯವಳು ಕಾರ್ಮಿಕ ಕಾನೂನು ಓದುತ್ತಿರುವ ತರುಣಿ. ಬೇಡಿಕೆ ಪಟ್ಟಿಯ ಕರಡು ಬರೆದುಕೊಡಲು ಬಂದಿದ್ದಳು.

"ಟಿಕ್ ಹಾಕ್ತಾರೆ, ಸರಿ," ಎಂದರು ಹಿರಿಯಾಕೆ. "ಅಷ್ಟು ಸಲೀಸಾಗಿ ಯಾಕೆ ಹಾಕೋಕಾಗುತ್ತೆ ಹೇಳಿ ಕಾಮ್ರೇಡ್? ಹೊಲಿಗೆ ಲೈನಿನಲ್ಲಿ ಕೂತವರು ಹೆಚ್ಚೂಕಡಿಮೆ ಎಲ್ಲ ಹೆಂಗಸರೇ. ಪಕ್ಕದ ಮಿಷನ್ನಿನಲ್ಲಿ ಒಬ್ಬ ಗಂಡಸು ಕೂತಿದ್ದರೂ ಅವನಿಗೂ ನಮಗೂ ಒಂದೇ ಸಂಬಳ. ಹಾಗಾಗಿ ಕಾಗದದ ಮೇಲೆ ತಾರತಮ್ಯವೇ ಇಲ್ಲ. ಆದರೆ ಕಟಿಂಗ್ ಸೆಕ್ಷನ್ನಿಗೆ ಹೋಗಿ ನೋಡಿ, ಮೆಕ್ಯಾನಿಕ್ ಹತ್ತಿರ ಹೋಗಿ ನೋಡಿ, ಸೂಪರ್‌ವೈಸರ್ ಕುರ್ಚಿ ನೋಡಿ. ಅಲ್ಲಿರೋರು ಗಂಡಸರು, ಅಲ್ಲಿನ ಗ್ರೇಡೇ ಬೇರೆ. ಹಳ್ಳಿಯಲ್ಲಿ ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಇಷ್ಟು ಅಂತ ಬಾಯಿ ಬಿಟ್ಟು ಹೇಳ್ತಾರೆ. ಫ್ಯಾಕ್ಟರಿಯಲ್ಲಿ ಹಾಗೆ ಹೇಳೋದಿಲ್ಲ. ಕೆಲಸಕ್ಕೆ ಹೆಸರಿಡ್ತಾರೆ, ಹೆಸರಿಗೆ ಗ್ರೇಡು ಕೊಡ್ತಾರೆ."

ಕಾರ್ಯದರ್ಶಿ ತಲೆಯಾಡಿಸಿದರು, ಒಪ್ಪಲಿಲ್ಲ. "ಕಟಿಂಗ್ ಬೇರೆ ಕೆಲಸ, ಹೊಲಿಗೆ ಬೇರೆ ಕೆಲಸ. ಬೇರೆ ಬೇರೆ ಕೆಲಸಕ್ಕೆ ಒಂದೇ ಸಂಬಳ ಕೇಳಿದರೆ ಯಾವ ಲೇಬರ್ ಆಫೀಸರೂ ಕೇಳಿಸಿಕೊಳ್ಳೋದಿಲ್ಲ."

"ಡಾಗೆನ್‌ಹ್ಯಾಮ್‌ನಲ್ಲೂ ಇದೇ ಮಾತು ಹೇಳಿದ್ರು ಸರ್," ಎಂದಳು ತರುಣಿ.

ಆ ಹೆಸರು ಕಾರ್ಯದರ್ಶಿಗೆ ಹೊಸದಲ್ಲ. ಲಂಡನ್ನಿನ ಪೂರ್ವಕ್ಕೆ, ಥೇಮ್ಸ್ ನದಿಯ ದಂಡೆಯಲ್ಲಿ ಫೋರ್ಡ್ ಕಂಪನಿ ಕಟ್ಟಿದ ಭಾರಿ ಕಾರು ಕಾರ್ಖಾನೆ ಅದು. ಅಲ್ಲಿನ ಹೆಂಗಸರ ಮುಷ್ಕರದಿಂದ ಬ್ರಿಟನ್ನಿಗೆ ಸಮಾನ ವೇತನ ಕಾಯ್ದೆ ಬಂತು ಎಂಬಷ್ಟು ಅವರು ಕೇಳಿದ್ದರು. ಹಾಗೆ ಕೇಳಿದವರು ಬಹಳ ಜನ. 2010ರಲ್ಲಿ ಅದರ ಮೇಲೊಂದು ಸಿನಿಮಾ ಕೂಡ ಬಂತು. ಆದರೆ ಆ ಹೆಂಗಸರು ಮುಷ್ಕರ ಹೂಡಿದ್ದು ಸಮಾನ ವೇತನಕ್ಕಾಗಿ ಅಲ್ಲ ಎಂದು ತರುಣಿ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು.

"ಅಲ್ಲವಾ? ಮತ್ತೆ?"

"ಗ್ರೇಡಿಗಾಗಿ. ಫೋರ್ಡ್‌ನಲ್ಲಿ ಮೊದಲು ನಾಲ್ಕು ದರ ಇತ್ತು ಸರ್. ಕುಶಲ ಗಂಡಸು, ಅರೆ ಕುಶಲ ಗಂಡಸು, ಅಕುಶಲ ಗಂಡಸು, ಆಮೇಲೆ ಹೆಂಗಸು. ಹೆಂಗಸು ಅನ್ನೋದೇ ಒಂದು ದರ್ಜೆ! ಅರವತ್ತರ ದಶಕದ ಕೊನೆಗೆ ಕಂಪನಿ ಪ್ರತಿಯೊಂದು ಕೆಲಸವನ್ನೂ ಅಳೆದು ಅಂಕ ಕೊಟ್ಟು, 'ಎ' ಇಂದ 'ಇ' ತನಕ ಐದು ಗ್ರೇಡು ಮಾಡಿತು. ಕಾರಿನ ಸೀಟಿನ ಕವರ್ ಹೊಲಿಯೋ 187 ಹೆಂಗಸರು 'ಬಿ'ಗೆ ಬಿದ್ದರು. ಕೌಶಲ ಕಡಿಮೆ ಅನ್ನೋ ಗುಂಪು ಅದು. ಅವರು ಕೇಳಿದ್ದು 'ಸಿ'. ಅದರ ಮೇಲೆ ಇನ್ನೊಂದು ಏಟು: 'ಬಿ' ಗ್ರೇಡಿನ ಗಂಡಸಿಗೆ ಸಿಗೋದರ ಶೇ. 85ರಷ್ಟು ಮಾತ್ರ 'ಬಿ' ಗ್ರೇಡಿನ ಹೆಂಗಸಿಗೆ."

"ಅಂದ್ರೆ ಎರಡು ಸಲ ಕತ್ತರಿಸಿದ್ದಾರೆ," ಎಂದರು ಹಿರಿಯಾಕೆ. "ಒಂದು ಸಲ ಗ್ರೇಡಿನಲ್ಲಿ, ಇನ್ನೊಂದು ಸಲ ದರದಲ್ಲಿ."

"ಹೌದಕ್ಕಾ. ಅವರನ್ನ ಕೆಲಸಕ್ಕೆ ತಗೋಬೇಕಾದರೆ ಮಿಷನ್ ಮೇಲೆ ಕೂರಿಸಿ ಹೊಲಿಸಿ ನೋಡ್ತಿದ್ರು. ಪರೀಕ್ಷೆ ಪಾಸಾದರೆ ಮಾತ್ರ ಕೆಲಸ. ಹೊಲಿಗೆ ಬಾರದವರಿಗೆ ಕೆಲಸವಿಲ್ಲ; ಕೆಲಸಕ್ಕೆ ಸೇರಿದ ಮೇಲೆ ಆ ಹೊಲಿಗೆ ಕೌಶಲವಲ್ಲ."

ಹಿರಿಯಾಕೆ ಎದ್ದು ಚೀಲದಿಂದ ಕತ್ತರಿಸಿದ ಎರಡು ಬಟ್ಟೆ ತುಂಡು ತೆಗೆದರು. ಹೊಸದಾಗಿ ಸಂಘಕ್ಕೆ ಬರುವ ಹುಡುಗಿಯರಿಗೆ ತೋರಿಸಲೆಂದು ಅವರು ಅವನ್ನು ಇಟ್ಟುಕೊಂಡಿರುತ್ತಾರೆ. ಒಂದು ಶರ್ಟಿನ ತೋಳು, ಇನ್ನೊಂದು ಅದು ಕೂರಬೇಕಾದ ಭುಜದ ಭಾಗ. ಎರಡನ್ನೂ ಕಾರ್ಯದರ್ಶಿಯ ಮುಂದೆ ಹರಡಿ ಅಂಚಿಗೆ ಅಂಚು ಹಿಡಿದರು. ತೋಳಿನ ಅಂಚು ತುಸು ಉದ್ದವಾಗಿ ಉಳಿಯಿತು.

"ನೋಡಿ, ಎರಡೂ ಸಮ ಇಲ್ಲ. ಸಮ ಇರಬಾರದು. ಸಮ ಇದ್ದರೆ ತೋಳು ಭುಜದ ಮೇಲೆ ಸರಿಯಾಗಿ ಕೂರಲ್ಲ. ಈ ಹೆಚ್ಚಿನ ಬಟ್ಟೆಯನ್ನ ಬೆರಳ ತುದಿಯಲ್ಲಿ ಕೂದಲೆಳೆಯಷ್ಟು ಒಳಕ್ಕೆ ತಳ್ಳುತ್ತಾ, ಮೇಲಿನ ಪದರ ಎಳೀತಾ, ಕೆಳಗಿನದನ್ನ ಬಿಡ್ತಾ ಸುತ್ತು ತಿರುಗಿಸಬೇಕು. ಎಲ್ಲೂ ನೆರಿಗೆ ಬೀಳಬಾರದು. ಮಾರ್ಕ್ ಹಾಕಿಕೊಂಡು ಪಿನ್ ಚುಚ್ಚಿಕೊಂಡು ಕೂರೋಕೆ ಸಮಯ ಇಲ್ಲ, ಇಂಡಸ್ಟ್ರಿಯಲ್ ಎಂಜಿನಿಯರ್ ನಿಮಿಷದ ಲೆಕ್ಕ ಹಾಕಿ ಟಾರ್ಗೆಟ್ ಕೊಟ್ಟಿರ್ತಾನೆ. ಮಂಡಿ, ಪಾದ, ಹತ್ತು ಬೆರಳು, ಕಣ್ಣು, ಎಲ್ಲ ಒಟ್ಟಿಗೆ ಕೆಲಸ ಮಾಡಬೇಕು. ನಿಮ್ಮ ಫಿಟ್ಟರ್ ಕೆಲಸದಲ್ಲಿ ಲೋಹ ಹಾಗೇ ನಿಂತಿರುತ್ತೆ ಕಾಮ್ರೇಡ್. ಬಟ್ಟೆ ಓಡಾಡುತ್ತೆ."

ಕಾರ್ಯದರ್ಶಿ ತುಂಡುಗಳನ್ನು ಕೈಗೆತ್ತಿಕೊಂಡು ಸೇರಿಸಿ ನೋಡಿದರು. ಮೊದಲ ಎರಡು ಇಂಚಿನಲ್ಲೇ ನೆರಿಗೆ ಬಿತ್ತು. ಒಪ್ಪಿಕೊಂಡು ನಕ್ಕರು.

"ಮುಷ್ಕರ ಏನಾಯಿತು, ಅದನ್ನ ಹೇಳಮ್ಮ," ಎಂದರು.

1968ರ ಜೂನ್ 7ರಂದು ಡಾಗೆನ್‌ಹ್ಯಾಮ್‌ನ ಹೊಲಿಗೆಯವರು ಮಿಷನ್ ಬಿಟ್ಟು ಎದ್ದರು. ಲಿವರ್‌ಪೂಲ್ ಬಳಿಯ ಹೇಲ್‌ವುಡ್ ಕಾರ್ಖಾನೆಯ ಹೊಲಿಗೆಯವರೂ ಕೈಜೋಡಿಸಿದರು. ಗಂಡಸರು ಸಾವಿರಾರು ಜನ ದುಡಿಯುತ್ತಿದ್ದ ಕಾರ್ಖಾನೆಯಲ್ಲಿ ಇಷ್ಟು ಸಣ್ಣ ಗುಂಪು ಏನು ಮಾಡೀತು ಎಂದುಕೊಂಡಿದ್ದವರಿಗೆ ಕೆಲವೇ ದಿನಗಳಲ್ಲಿ ಉತ್ತರ ಸಿಕ್ಕಿತು. ಕವರ್ ಇಲ್ಲದೆ ಸೀಟಿಲ್ಲ, ಸೀಟಿಲ್ಲದೆ ಕಾರಿಲ್ಲ. ಇದ್ದ ದಾಸ್ತಾನು ಮುಗಿಯುತ್ತಿದ್ದಂತೆ ಉತ್ಪಾದನೆಯೇ ನಿಲ್ಲುವ ಸ್ಥಿತಿ ಬಂತು. ಮೂರು ವಾರದ ಮುಷ್ಕರದ ಕೊನೆಗೆ, ಆಗ ಉದ್ಯೋಗ ಖಾತೆಯ ಸಚಿವೆಯಾಗಿದ್ದ ಬಾರ್ಬರಾ ಕ್ಯಾಸಲ್ ಹೊಲಿಗೆಯವರ ಪ್ರತಿನಿಧಿಗಳನ್ನು ಚಹಾಕ್ಕೆ ಕರೆದು ಮಾತಾಡಿದರು. ಶೇ. 85 ಇದ್ದದ್ದು ಶೇ. 92 ಆಯಿತು. ಹೆಂಗಸರು ಕೆಲಸಕ್ಕೆ ಮರಳಿದರು. 1970ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸಮಾನ ವೇತನ ಕಾಯ್ದೆಗೆ ಅಂಕಿತ ಬಿತ್ತು.

"ಗೆದ್ದರಲ್ಲ!" ಎಂದರು ಕಾರ್ಯದರ್ಶಿ.

"'ಸಿ' ಗ್ರೇಡ್ ಸಿಗಲಿಲ್ಲ ಸರ್. ಗ್ರೇಡಿನ ವಿಷಯ ವಿಚಾರಣೆಗೆ ಹೋಯಿತು, ಸಮಿತಿಗೆ ಹೋಯಿತು, 'ಬಿ' ಅಂತಲೇ ವಾಪಸ್ ಬಂತು. ಆ ಹೆಂಗಸರಲ್ಲಿ ಕೆಲವರು ವಯಸ್ಸಾದ ಮೇಲೂ, ನಾವು ಗೆದ್ದೆವು ಅಂತ ಜನ ಹೇಳ್ತಾರೆ, ನಮಗೆ ಹಾಗೆ ಅನ್ನಿಸಲಿಲ್ಲ ಅಂತಲೇ ಹೇಳ್ತಿದ್ದರು. 1984ರಲ್ಲಿ ಮತ್ತೆ ಮುಷ್ಕರ ಹೂಡಿದ ಮೇಲೆ 'ಸಿ' ಸಿಕ್ಕಿತು. ಹದಿನಾರು ವರ್ಷ! 68ರಲ್ಲಿ ಎದ್ದು ನಿಂತ ಎಷ್ಟೋ ಜನ ಅಷ್ಟರಲ್ಲಿ ಕೆಲಸ ಬಿಟ್ಟಾಗಿತ್ತು."

ಕಾರ್ಯದರ್ಶಿ ಸ್ವಲ್ಪ ಹೊತ್ತು ಯೋಚಿಸಿದರು. ಅವರ ಪ್ರಶ್ನೆ ಅನುಭವಸ್ಥನ ಪ್ರಶ್ನೆ. "ಹಾಗಾದರೆ ಯೂನಿಯನ್ ಎಲ್ಲಿತ್ತು? ಗ್ರೇಡಿಗೆ ಎದ್ದ ಮುಷ್ಕರ ದರಕ್ಕೆ ಹೇಗೆ ತಿರುಗಿತು?"

"ಯೂನಿಯನ್ ಜೊತೆಗೇ ಇತ್ತು. ಕೆಲವು ಮುಖಂಡರು ಮನಸಾರೆ ನಿಂತರು. ಆದರೆ ಗ್ರೇಡಿನ ಪಟ್ಟಿಗೆ ಯೂನಿಯನ್‌ಗಳೂ ಒಪ್ಪಿಗೆ ಕೊಟ್ಟಾಗಿತ್ತಲ್ಲ. ಅದನ್ನ ಅಲುಗಿಸಿದರೆ ಬೇರೆ ವಿಭಾಗದ ಗಂಡಸರೂ ತಮ್ಮ ಗ್ರೇಡು ತೆಗೆಸಿ ನೋಡ್ತಾರೆ, ಎಲ್ಲ ಬಿಚ್ಚಿಕೊಳ್ಳುತ್ತೆ ಅನ್ನೋ ಅಂಜಿಕೆ. ಸಮಾನ ವೇತನ ಅನ್ನೋದು ದೊಡ್ಡ ಘೋಷಣೆ, ಪಾರ್ಲಿಮೆಂಟಿಗೆ ಒಯ್ಯಬಹುದು. ಹೊಲಿಗೆ ಕುಶಲ ಕೆಲಸ ಅನ್ನೋದು ಕಾರ್ಖಾನೆ ಒಳಗಿನ ಜಗಳ. ಘೋಷಣೆ ಗೆದ್ದಿತು, ಒಳಗಿನ ಜಗಳ ಅಲ್ಲೇ ಉಳಿಯಿತು."

ಈ ಮಾತು ಕೊಂಚ ನಿಂತು ನೋಡಬೇಕಾದದ್ದು. ಬ್ರಿಟನ್ನಿನ ಕಾರ್ಮಿಕ ಸಂಘಗಳ ಒಕ್ಕೂಟ ಸಮಾನ ವೇತನದ ನಿರ್ಣಯ ಅಂಗೀಕರಿಸಿದ್ದು 1888ರಲ್ಲಿ, ಕ್ಲೆಮೆಂಟಿನಾ ಬ್ಲ್ಯಾಕ್ ಮಂಡಿಸಿದ ಗೊತ್ತುವಳಿಯ ಮೇಲೆ. ಡಾಗೆನ್‌ಹ್ಯಾಮ್ ಮುಷ್ಕರಕ್ಕೆ 80 ವರ್ಷ ಮೊದಲು. ಅಂದು ಕೈ ಎತ್ತಿದ ಗಂಡಸರಲ್ಲಿ ಹಲವರ ಮನಸ್ಸಿನಲ್ಲಿದ್ದದ್ದು ನ್ಯಾಯದ ಜೊತೆಗೆ ಇನ್ನೊಂದು ಲೆಕ್ಕ: ಹೆಂಗಸರು ಅಗ್ಗಕ್ಕೆ ಸಿಗುವವರೆಗೆ ಮಾಲೀಕ ತಮ್ಮನ್ನು ಬಿಟ್ಟು ಅವರನ್ನು ಇಟ್ಟುಕೊಳ್ಳುತ್ತಾನೆ. ನಿರ್ಣಯ ವರ್ಷ ವರ್ಷ ಪುನರಾವರ್ತನೆಯಾಯಿತು. ನಡುನಡುವೆ ಹೆಂಗಸರು ತಾವೇ ಬೀದಿಗಿಳಿದರು. 1918ರಲ್ಲಿ ಲಂಡನ್ನಿನ ಬಸ್ಸು, ಟ್ರಾಮುಗಳ ಕಂಡಕ್ಟರ್ ಹೆಂಗಸರು ಗಂಡಸರಿಗೆ ಕೊಟ್ಟ ಯುದ್ಧಕಾಲದ ಬೋನಸ್ ತಮಗೂ ಬೇಕೆಂದು ಕೆಲಸ ನಿಲ್ಲಿಸಿ ಪಡೆದೇ ಬಿಟ್ಟರು. ನಿರ್ಣಯ ಇಟ್ಟುಕೊಂಡ ಸಂಘಕ್ಕೂ ನಿರ್ಣಯಕ್ಕಾಗಿ ಗೇಟಿನ ಮುಂದೆ ನಿಲ್ಲುವ ಸಂಘಕ್ಕೂ ಇರುವ ದೂರ ಎಷ್ಟೆಂದು ಆ 80 ವರ್ಷಗಳೇ ತೋರಿಸುತ್ತವೆ.

"ನೀವು ಹೇಳ್ತಿರೋದರಲ್ಲಿ ಒಂದು ಅಪಾಯ ಇದೆ," ಎಂದರು ಕಾರ್ಯದರ್ಶಿ. "ನಮ್ಮ 80-81ರ ಮುಷ್ಕರ ನಡೆದದ್ದೂ ಸಮಾನತೆಗೇ. ಬಿಎಚ್‌ಇಎಲ್‌ನವರಿಗೆ ಸಿಕ್ಕ ಸಂಬಳ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಕಾರ್ಮಿಕರಿಗೂ ಬೇಕು ಅಂತ. ಲಕ್ಷಕ್ಕೂ ಮೀರಿ ಜನ ಒಂದಾಗಿ ನಿಂತೆವು. ಒಳಗೇ ನಿನ್ನ ಗ್ರೇಡು, ನನ್ನ ಗ್ರೇಡು ಅಂತ ಶುರುವಾದರೆ ಆ ಒಗ್ಗಟ್ಟು ಎಲ್ಲಿಂದ ಬರಬೇಕು? ಎಲ್ಲರಿಗೂ ಶೇ. 15 ಹೆಚ್ಚಳ ಕೇಳೋಣ, ಹೆಂಗಸರಿಗೂ ಸಿಗುತ್ತೆ."

"ಲೆಕ್ಕ ಹಾಕಿ ನೋಡಿ," ಎಂದರು ಹಿರಿಯಾಕೆ. "ಹನ್ನೆರಡು ಸಾವಿರದ ಮೇಲೆ ಶೇ. 15 ಅಂದ್ರೆ 1,800. ಇಪ್ಪತ್ತು ಸಾವಿರದ ಮೇಲೆ 3,000. ಎಂಟು ಸಾವಿರ ಇದ್ದ ಅಂತರ ಒಂಬತ್ತು ಸಾವಿರದ ಇನ್ನೂರು ಆಯಿತು. ಪ್ರತಿ ಒಪ್ಪಂದಕ್ಕೂ ನಾವೇ ಅಂತರ ಹೆಚ್ಚಿಸಿಕೊಂಡು ಬಂದು ಮೇಲೆ ಸಿಹಿ ಹಂಚಿದ್ದೀವಿ. ಇನ್ನು ಒಗ್ಗಟ್ಟಿನ ಮಾತು. ನೀವು ಬಿಎಚ್‌ಇಎಲ್ ಸಂಬಳದ ಜೊತೆ ಹೋಲಿಸಿದಿರಿ. ಬೇರೆ ಊರು, ಬೇರೆ ಕಾರ್ಖಾನೆ, ಬೇರೆ ಮಾಲು. ಅದು ನ್ಯಾಯವಾಗಿತ್ತು. ಒಂದೇ ಛಾವಣಿ ಕೆಳಗಿನ ಕಟಿಂಗ್ ಮೇಜಿಗೂ ಹೊಲಿಗೆ ಮಿಷನ್ನಿಗೂ ಹೋಲಿಸಿದರೆ ಮಾತ್ರ ಒಡಕು ಹೇಗಾಗುತ್ತೆ?"

ಕಾರ್ಯದರ್ಶಿ ಇದಕ್ಕೆ ಉತ್ತರ ಹೇಳಲಿಲ್ಲ. ತರುಣಿಯ ಕಡೆ ತಿರುಗಿದರು. "ಕಾನೂನು ಏನು ಹೇಳುತ್ತೆ?"

ತರುಣಿ ಹೇಳಿದ್ದು ಸಂಕ್ಷೇಪವಾಗಿ ಹೀಗಿದೆ. 1951ರ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 100ನೇ ಒಡಂಬಡಿಕೆ ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎನ್ನುತ್ತದೆ. ಭಾರತ ಅದನ್ನು 1958ರಲ್ಲಿ ಅನುಮೋದಿಸಿತು. ಸಂವಿಧಾನದ 39(ಡಿ) ವಿಧಿ ಅದಕ್ಕೂ ಮೊದಲೇ ಇತ್ತು. 1975ರಲ್ಲಿ, ಅಂತರರಾಷ್ಟ್ರೀಯ ಮಹಿಳಾ ವರ್ಷದಲ್ಲಿ, ಮೊದಲು ಸುಗ್ರೀವಾಜ್ಞೆಯಾಗಿ, ಮರುವರ್ಷ ಕಾಯ್ದೆಯಾಗಿ ಸಮಾನ ಸಂಭಾವನೆ ಕಾನೂನು ಬಂತು. ಅದರಲ್ಲೊಂದು ಗಟ್ಟಿ ಅಂಶವಿತ್ತು: ಗಂಡಸಿಗೊಂದು ಹೆಂಗಸಿಗೊಂದು ದರ ಇದ್ದರೆ ಇನ್ನು ಮುಂದೆ ಹೆಚ್ಚಿನ ದರವೇ ಇಬ್ಬರದೂ, ಗಂಡಸಿನ ಕೂಲಿ ಇಳಿಸಿ ಸಮ ಮಾಡುವಂತಿಲ್ಲ. ಆದರೆ ಕಾಯ್ದೆಯ ಅಳತೆಗೋಲು 'ಒಂದೇ ಕೆಲಸ ಅಥವಾ ಹೋಲುವ ಸ್ವರೂಪದ ಕೆಲಸ'. 'ಸಮಾನ ಮೌಲ್ಯ' ಎಂಬುದು ಒಳಗೆ ಬರಲೇ ಇಲ್ಲ. 2019ರ ವೇತನ ಸಂಹಿತೆಯೂ ಅದೇ ಅಳತೆಗೋಲನ್ನು ಮುಂದುವರಿಸಿದೆ.

"ಹಾಗಾದರೆ ನಾನು ಹೇಳಿದ್ದೇ ಸರಿ," ಎಂದರು ಕಾರ್ಯದರ್ಶಿ.

"ಅರ್ಧ ಸರಿ. 1987ರ ಒಂದು ತೀರ್ಪು ಓದಬೇಕು ನೀವು. ಬರೆದವರು ನಮ್ಮವರೇ, ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ."

ಮುಂಬಯಿಯ ಮೆಕಿನನ್ ಮೆಕೆಂಜಿ ಎಂಬ ಹಡಗು ವ್ಯವಹಾರದ ಕಂಪನಿಯಲ್ಲಿ ಆಡ್ರೆ ಡಿಕೋಸ್ಟಾ ಗೋಪ್ಯ ಸ್ಟೆನೋಗ್ರಾಫರ್. ಹುದ್ದೆಯ ಹೆಸರಿನಲ್ಲೇ 'ಲೇಡಿ' ಎಂದಿತ್ತು. 1977ರಲ್ಲಿ ಕೆಲಸದಿಂದ ತೆಗೆದ ಮೇಲೆ, ಇಷ್ಟು ವರ್ಷ ಗಂಡಸು ಸ್ಟೆನೋಗಳಿಗಿಂತ ಕಡಿಮೆ ಸಂಬಳ ಕೊಟ್ಟಿದ್ದೀರಿ, ಬಾಕಿ ಕೊಡಿ ಎಂದು ಆಕೆ ಕೇಳಿದರು. ಕಂಪನಿ ಒಂದರ ಮೇಲೊಂದು ವಾದ ಹೂಡಿತು. ಈ ಹೆಂಗಸರು ಹಿರಿಯ ಅಧಿಕಾರಿಗಳ ಜೊತೆ ಕೆಲಸ ಮಾಡುತ್ತಾರೆ, ಗಂಡಸರ ಕೆಲಸ ಬೇರೆ. ಸಂಬಳ ನಿಗದಿಯಾದದ್ದು ನೌಕರರ ಸಂಘದ ಜೊತೆಗಿನ ಒಪ್ಪಂದದಿಂದ. ಕಡೆಗೆ, ಸಮಾನವಾಗಿ ಕೊಡಲು ಕಂಪನಿಗೆ ಆರ್ಥಿಕ ಶಕ್ತಿ ಇಲ್ಲ. ಸುಪ್ರೀಂ ಕೋರ್ಟ್ ಮೂರನ್ನೂ ಒಪ್ಪಲಿಲ್ಲ. ಕೆಲಸದ ಸಣ್ಣಪುಟ್ಟ ವ್ಯತ್ಯಾಸ ಹಿಡಿದು ಕೂರಬಾರದು, ಒಟ್ಟಾರೆ ಕೆಲಸದ ಸ್ವರೂಪ ನೋಡಬೇಕು. ಕೊಡುವ ಶಕ್ತಿ ಇಲ್ಲವೆಂಬುದು ತಾರತಮ್ಯಕ್ಕೆ ಸಮರ್ಥನೆಯಾಗದು ಎಂದಿತು.

"ಮಧ್ಯದ ವಾದ ಇನ್ನೊಂದು ಸಲ ಹೇಳು," ಎಂದರು ಹಿರಿಯಾಕೆ.

"ಸಂಘದ ಜೊತೆಗಿನ ಒಪ್ಪಂದ."

"ಕೇಳಿಸ್ತಾ ಕಾಮ್ರೇಡ್? ಹೆಂಗಸಿಗೆ ಕಡಿಮೆ ಕೊಡೋಕೆ ಮಾಲೀಕ ತೋರಿಸಿದ ದಾಖಲೆ ಯೂನಿಯನ್‌ನವರು ಸಹಿ ಹಾಕಿದ ಕಾಗದ. ಕಾನೂನು ಬರೋವರೆಗೆ ನಮ್ಮ ಪ್ಲಾಂಟೇಷನ್‌ಗಳಲ್ಲಿ ಗಂಡಾಳು ಹೆಣ್ಣಾಳಿಗೆ ಬೇರೆ ಬೇರೆ ಕೂಲಿ ಬರೆದ ಕಾಗದಗಳಿಗೂ ಸಹಿ ಹಾಕಿದವರು ನಮ್ಮವರೇ ಅಲ್ವಾ?"

ಕಾರ್ಯದರ್ಶಿಯ ಮುಖ ಬಿಗಿಯಿತು. ನೋವಾದದ್ದು ಕಂಡಿತು. "ಯೂನಿಯನ್ ಇಲ್ಲದಿದ್ದರೆ ಅಷ್ಟೂ ಸಿಗ್ತಿರಲಿಲ್ಲ," ಎಂದರು ತಗ್ಗಿದ ದನಿಯಲ್ಲಿ. "ಕೇರಳದ ಮುನ್ನಾರಿನಲ್ಲಿ ಏನಾಯ್ತು ನೋಡಿದೆವಲ್ಲ. 2015ರಲ್ಲಿ ಟೀ ತೋಟದ ಹೆಂಗಸರು ರಸ್ತೆಗೆ ಬಂದರು, ಯೂನಿಯನ್ ಮುಖಂಡರನ್ನ ಹತ್ತಿರವೇ ಸೇರಿಸಲಿಲ್ಲ. ಬೋನಸ್ ಬಂತು, ಒಪ್ಪುತ್ತೀನಿ. ಆಮೇಲೆ ಆ ಸಂಘಟನೆಯೇ ಒಡೆಯಿತು."

"ಯಾಕೆ ಸೇರಿಸಲಿಲ್ಲ ಅನ್ನೋದನ್ನೂ ಕೇಳಬೇಕು. ದಿನಕ್ಕೆ 232 ರೂಪಾಯಿಗೆ ಎಲೆ ಕೀಳೋರು ಹೆಂಗಸರು, ಮಾತುಕತೆಗೆ ಹೋಗೋರು ಗಂಡಸರು. ಅವರಿಗೆ ಸಂಘ ಬೇಡವಾಗಿರಲಿಲ್ಲ, ತಾವಿಲ್ಲದ ಸಂಘ ಬೇಡವಾಗಿತ್ತು. ಅದಕ್ಕೇ ತಮ್ಮದೊಂದು ಕಟ್ಟಿಕೊಂಡರು, ಪೆಂಬಿಳೈ ಒರುಮೈ ಅಂತ ಹೆಸರಿಟ್ಟರು. ಮರುವರ್ಷ ಏಪ್ರಿಲ್‌ನಲ್ಲಿ ಇದೇ ಬೆಂಗಳೂರಿನಲ್ಲಿ ಪಿಎಫ್ ಹಣ ತೆಗೆಯೋ ನಿಯಮ ಬದಲಾಯಿಸಿದ್ದಕ್ಕೆ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಯಲ್ಲಿ ನಿಂತಾಗ ನಾವು ಯಾರೂ ಕರೆ ಕೊಟ್ಟಿರಲಿಲ್ಲ. ಎರಡು ದಿನದಲ್ಲಿ ಕೇಂದ್ರ ಸರ್ಕಾರ ಆದೇಶ ವಾಪಸ್ ತಗೊಂಡಿತು. ಶಕ್ತಿ ಅಲ್ಲಿದೆ. ನಮ್ಮ ಕಮಿಟಿಯಲ್ಲಿ ಅದು ಕಾಣೋದಿಲ್ಲ."

ಇಬ್ಬರ ಮಾತಿನಲ್ಲೂ ಹುರುಳಿದೆ. ಸಂಘವಿಲ್ಲದ ಸಿಟ್ಟು ಒಂದೆರಡು ವಾರಕ್ಕೆ ಸಾಕಾಗಬಹುದು, ಹದಿನಾರು ವರ್ಷದ ಗ್ರೇಡಿನ ಜಗಳಕ್ಕೆ ಸಾಲದು. ಹಾಗೆಂದು ದುಡಿಯುವ ಬಹುಪಾಲು ಜನರನ್ನು ಹೊರಗೆ ನಿಲ್ಲಿಸಿ ಅವರ ಹೆಸರಿನಲ್ಲಿ ಸಹಿ ಹಾಕುವ ಸಂಘ ತನ್ನ ಕೆಲಸ ಮಾಡಿದಂತೆಯೂ ಅಲ್ಲ. ಬ್ರಿಟನ್ನಿನ ಸಂಘಗಳು ಇದನ್ನು ಕಲಿತದ್ದು ಬಹಳ ದುಬಾರಿಯಾಗಿ.

ಮೊದಲ ಪಾಠ ಟ್ರೈಕೋ. ಲಂಡನ್ನಿನ ಬ್ರೆಂಟ್‌ಫರ್ಡ್‌ನಲ್ಲಿ ಕಾರಿನ ವೈಪರ್ ತಯಾರಿಸುತ್ತಿದ್ದ ಕಾರ್ಖಾನೆ ಅದು. ಸಮಾನ ವೇತನ ಕಾಯ್ದೆಗೆ 1970ರಲ್ಲಿ ಅಂಕಿತ ಬಿದ್ದರೂ ಜಾರಿಗೆ ಬಂದದ್ದು 1975ರ ಡಿಸೆಂಬರ್ 29ರಂದು. ತಯಾರಾಗಲು ಮಾಲೀಕರಿಗೆ ಐದು ವರ್ಷ ಮೀರಿ ಕಾಲಾವಕಾಶ. ಆ ಅವಧಿಯಲ್ಲಿ ಎಷ್ಟೋ ಕಾರ್ಖಾನೆಗಳು ಕೆಲಸಗಳ ಹೆಸರು ಬದಲಿಸಿ, ಗಂಡಸು ಹೆಂಗಸು ಒಂದೇ ಕೆಲಸದಲ್ಲಿ ಕಾಣದಂತೆ ಹಂಚಿಬಿಟ್ಟವು. ಟ್ರೈಕೋದಲ್ಲಿ ರಾತ್ರಿ ಪಾಳಿ ಮುಚ್ಚಿದಾಗ ಕೆಲವೇ ಗಂಡಸರು ಹಗಲು ಪಾಳಿಗೆ ಬಂದು ಹೆಂಗಸರ ಜೊತೆ ಅದೇ ಕೆಲಸಕ್ಕೆ ಕೂತರು. ವಾರದ ಸಂಬಳದಲ್ಲಿ ಆರು ಪೌಂಡಿಗೂ ಹೆಚ್ಚು ವ್ಯತ್ಯಾಸ. 1976ರ ಮೇ 24ರಂದು ಸುಮಾರು 400 ಹೆಂಗಸರು ಹೊರಬಂದರು. ಕಂಪನಿ ನ್ಯಾಯಮಂಡಳಿಗೆ ಹೋಯಿತು. ಎಂಜಿನಿಯರಿಂಗ್ ಕಾರ್ಮಿಕರ ಸಂಘ ಆ ವಿಚಾರಣೆಯನ್ನೇ ಬಹಿಷ್ಕರಿಸಿತು. ತೀರ್ಪು ಕಂಪನಿಯ ಪರ ಬಂತು. ಹೆಂಗಸರು ಗೇಟು ಬಿಟ್ಟು ಕದಲಲಿಲ್ಲ. 21 ವಾರವಾದ ಮೇಲೆ ಕಂಪನಿ ಸಮಾನ ದರಕ್ಕೆ ಒಪ್ಪಿತು.

"ನ್ಯಾಯಮಂಡಳಿಯಲ್ಲಿ ಸೋತದ್ದನ್ನ ಗೇಟಿನಲ್ಲಿ ಗೆದ್ದರು," ಎಂದರು ಕಾರ್ಯದರ್ಶಿ. ಈ ಕಥೆ ಅವರಿಗೆ ಹಿಡಿಸಿತು.

"ಎರಡನೇ ಪಾಠ ನಿಮಗೆ ಹಿಡಿಸಲ್ಲ ಸರ್," ಎಂದಳು ತರುಣಿ. ಬ್ರಿಟನ್ನಿನ ಮಿಡಲ್ಸ್‌ಬ್ರೋ ನಗರಸಭೆಯಲ್ಲಿ ಅಡುಗೆ, ಸ್ವಚ್ಛತೆಯಂಥ ಕೆಲಸದ ಹೆಂಗಸರಿಗೆ ವರ್ಷಗಟ್ಟಲೆ ಬಾಕಿ ಬರಬೇಕಿತ್ತು. ಜಿಎಂಬಿ ಎಂಬ ದೊಡ್ಡ ಸಂಘ ನಗರಸಭೆಯ ಜೊತೆ ಕೂತು, ಬಾಕಿಯನ್ನು ಕಡಿಮೆ ಮೊತ್ತಕ್ಕೆ ಮುಗಿಸಿ, ಉಳಿದ ಹಣ ಮುಂದಿನ ವೇತನಕ್ಕೂ ಗ್ರೇಡು ಇಳಿಯಲಿದ್ದ ಸದಸ್ಯರ ಸಂಬಳ ಕಾಪಾಡುವುದಕ್ಕೂ ಹೋಗಲಿ ಎಂದು ಒಪ್ಪಿತು. ಎಲ್ಲರ ಕೆಲಸ ಉಳಿಯಲಿ ಎಂಬುದು ಸಂಘದ ವಾದ. ಹೆಂಗಸರು ತಮ್ಮದೇ ಸಂಘದ ಮೇಲೆ ದಾವೆ ಹೂಡಿದರು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಹೆಂಗಸರ ಪರ ತೀರ್ಪು ಕೊಟ್ಟಿತು. ಸರಿಯಾದ ಮಾಹಿತಿ ಕೊಡದೆ ಅವರನ್ನು ಒಪ್ಪಂದಕ್ಕೆ ಒಪ್ಪಿಸಿದ್ದು ಪರೋಕ್ಷ ತಾರತಮ್ಯ ಎಂದಾಯಿತು.

ಕಾರ್ಯದರ್ಶಿ ಆ ತೀರ್ಪಿನ ವಿವರ ಎರಡು ಸಲ ಕೇಳಿದರು. "ಒಗ್ಗಟ್ಟು ಉಳಿಸೋಕೆ ಅಂತ ಮಾಡಿದ್ದಲ್ವಾ ಅದು?" ಎಂದರು.

"ಅದಕ್ಕೇ ಹೇಳಿದ್ದು. ಆದರೆ ಅದೇ ಜಿಎಂಬಿ ಹತ್ತು ವರ್ಷದ ಮೇಲೆ ಗ್ಲಾಸ್ಗೋದಲ್ಲಿ ಏನು ಮಾಡಿತು ಕೇಳಿ." ಗ್ಲಾಸ್ಗೋ ನಗರಸಭೆ 2006ರ ಸುಮಾರಿಗೆ ಕೆಲಸಗಳನ್ನು ಅಳೆದು ಹೊಸ ವೇತನ ಪದ್ಧತಿ ತಂದಿತ್ತು. ವಾರಕ್ಕೆ 37 ಗಂಟೆ ದುಡಿಯುವವರಿಗೆ ಹೆಚ್ಚುವರಿ ಲಾಭ ಅದರಲ್ಲಿತ್ತು. ಮುದುಕರ ಮನೆಗಳಿಗೆ ಹೋಗಿ ಆರೈಕೆ ಮಾಡುವ, ಶಾಲೆಗಳಲ್ಲಿ ಅಡುಗೆ ಮಾಡುವ ಹೆಂಗಸರು ಬಹುಪಾಲು ಅರೆಕಾಲಿಕರು, ಅವರಿಗದು ಎಟುಕಲಿಲ್ಲ. ಪದ್ಧತಿ ನ್ಯಾಯಬದ್ಧವೆಂದು ಒಪ್ಪಲು ಸ್ಕಾಟ್ಲೆಂಡಿನ ಉನ್ನತ ನ್ಯಾಯಾಲಯ 2017ರಲ್ಲಿ ನಿರಾಕರಿಸಿತು. ಆಮೇಲೂ ಮಾತುಕತೆ ಎಳೆದಾಗ 2018ರ ಅಕ್ಟೋಬರ್ 23ರಂದು ಜಿಎಂಬಿ ಮತ್ತು ಯೂನಿಸನ್ ಸಂಘಗಳ ಸುಮಾರು 8,000 ಹೆಂಗಸರು ಎರಡು ದಿನದ ಮುಷ್ಕರ ಹೂಡಿದರು. ಅಂದು ಕಸ ಸಾಗಿಸುವ ಗಂಡಸರು, ಯಾರ ಸಂಬಳದ ಜೊತೆ ಹೋಲಿಕೆ ನಡೆದಿತ್ತೋ ಅವರೇ, ಹೆಂಗಸರ ಪಿಕೆಟ್ ದಾಟಿ ಕೆಲಸಕ್ಕೆ ಹೋಗಲಿಲ್ಲ. ಮರುವರ್ಷ 50 ಕೋಟಿ ಪೌಂಡಿಗೂ ಹೆಚ್ಚಿನ ಪರಿಹಾರಕ್ಕೆ ನಗರಸಭೆ ಒಪ್ಪಿತು. ಹಣ ಹೊಂದಿಸಲು ತನ್ನ ಕಟ್ಟಡಗಳನ್ನೇ ಮಾರಿ ಬಾಡಿಗೆಗೆ ಪಡೆಯಬೇಕಾಯಿತು.

"ಕಸದ ಲಾರಿಯವರು ನಿಂತರು," ಎಂದು ಕಾರ್ಯದರ್ಶಿ ಮೆಲ್ಲಗೆ ಹೇಳಿಕೊಂಡರು.

"ನಿಂತರು. ಒಗ್ಗಟ್ಟು ಅಂದ್ರೆ ನನಗೆ ಅದು," ಎಂದರು ಹಿರಿಯಾಕೆ. "ಹೆಂಗಸರು ತಮ್ಮ ಬೇಡಿಕೆ ಬಿಟ್ಟುಕೊಟ್ಟು ಉಳಿಸಬೇಕಾದ್ದಲ್ಲ."

ಮಾತು ಕೆಲಸದ ಕಡೆ ಹೊರಳಿತು. ತರುಣಿ ಹಾಳೆ ತೆಗೆದಳು. ಕನಿಷ್ಠ ವೇತನದ ಅಧಿಸೂಚನೆಗಳಲ್ಲಿ ಅತಿ ಕುಶಲ, ಕುಶಲ, ಅರೆ ಕುಶಲ, ಅಕುಶಲ ಎಂಬ ವರ್ಗಗಳಿರುತ್ತವೆ. ಯಾವ ಕೆಲಸ ಯಾವ ವರ್ಗಕ್ಕೆ ಎಂಬುದೇ ಹೊಲಿಗೆಯವರ ಬದುಕನ್ನು ನಿರ್ಧರಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಏರಬೇಕಿದ್ದ ತುಟ್ಟಿಭತ್ಯೆಯನ್ನು, ತಿಂಗಳಿಗೆ ಸುಮಾರು 400 ರೂಪಾಯಿಯನ್ನು, ಕರ್ನಾಟಕದ ಗಾರ್ಮೆಂಟ್ಸ್ ಕಾರ್ಖಾನೆಗಳು ಹೈಕೋರ್ಟ್ ಹೇಳಿದ ಮೇಲೂ 2022ರವರೆಗೆ ತಡೆಹಿಡಿದದ್ದನ್ನು ಹಿರಿಯಾಕೆ ನೆನಪಿಸಿದರು. ಹೆಂಗಸರೇ ತುಂಬಿರುವ ಉದ್ಯಮದಲ್ಲಿ ಕೂಲಿ ತಡೆಯುವುದು ಇಷ್ಟು ಸುಲಭವಾದರೆ, ಗ್ರೇಡು ಏರಿಸಲು ಯಾರೂ ತಾವಾಗಿ ಬರುವುದಿಲ್ಲ ಎಂಬುದು ಅವರ ವಾದ.

"ಹಾಗಾದರೆ ಹೇಗೆ ಬರೆಯೋಣ?" ಎಂದರು ಕಾರ್ಯದರ್ಶಿ.

"ಘೋಷಣೆ ಬೇಡ, ಕೆಲಸ ಬರೆಯೋಣ. ಕಾಲರ್ ಕೂರಿಸೋದು, ತೋಳು ಕೂರಿಸೋದು, ಕಫ್, ಪಾಕೆಟ್, ಝಿಪ್ ಪ್ಲ್ಯಾಕೆಟ್, ಒಂದೊಂದನ್ನೂ. ಕಲಿಯೋಕೆ ಎಷ್ಟು ದಿನ ಬೇಕು, ತಪ್ಪಿದರೆ ಎಷ್ಟು ಪೀಸ್ ಹಾಳು, ಕಣ್ಣಿಗೆ ಬೆನ್ನಿಗೆ ಎಷ್ಟು ಭಾರ, ಎಲ್ಲ. ಪಕ್ಕದಲ್ಲೇ ಕಟಿಂಗ್, ಮೆಕ್ಯಾನಿಕ್, ಸ್ಟೋರ್ ಕೆಲಸಗಳಿಗೂ ಅದೇ ಕಾಲಂ. ಬರೆಯೋರು ಆ ಮಿಷನ್ನಿನ ಮೇಲೆ ಕೂತವರೇ ಆಗಿರಬೇಕು. ಗ್ರೇಡು ಮರುವಿಮರ್ಶೆಗೆ ಜಂಟಿ ಸಮಿತಿ ಕೇಳೋಣ. ಕೊಡದಿದ್ದರೆ ನಮ್ಮ ಪಟ್ಟಿಯನ್ನೇ ಲೇಬರ್ ಕಮಿಷನರ್ ಮುಂದಿಡೋಣ."

"ಆ ಸಮಿತಿಗೆ ನಮ್ಮ ಕಡೆಯಿಂದ ಐದು ಜನ," ಎಂದು ಕಾರ್ಯದರ್ಶಿ ಬರೆದುಕೊಂಡರು. "ಅಧ್ಯಕ್ಷರು, ನಾನು, ಖಜಾಂಚಿ..."

"ನಿಲ್ಲಿಸಿ ಅಲ್ಲೇ. ಆ ಮೂವರಲ್ಲಿ ಒಬ್ಬರಾದರೂ ತೋಳು ಕೂರಿಸಿದವರಿದ್ದಾರಾ?"

"ಬೈಲಾ ಪ್ರಕಾರ ಪದಾಧಿಕಾರಿಗಳು ಇರಲೇಬೇಕಲ್ಲಮ್ಮ."

"ಹಾಗಾದರೆ ಮೊದಲು ಬೈಲಾ ತಿದ್ದೋಣ. ಸರ್ವಸದಸ್ಯರ ಸಭೆಗೆ ನೋಟಿಸ್ ಎಷ್ಟು ದಿನ ಮುಂಚೆ ಕೊಡಬೇಕು?"

"ಇಪ್ಪತ್ತೊಂದು ದಿನ," ಎಂದಳು ತರುಣಿ, ಬೈಲಾ ಪುಸ್ತಕ ತಿರುವುತ್ತಾ.

"ಬೇಡಿಕೆ ಪಟ್ಟಿ ಕೊಡೋ ದಿನಾಂಕ ಮುಂದಕ್ಕೆ ಹೋಗುತ್ತೆ," ಎಂದರು ಕಾರ್ಯದರ್ಶಿ.

"ಹೋಗಲಿ. ನೋಟಿಸ್ ಇವತ್ತೇ ಬರೆಯಿರಿ, ನಾಳೆ ಶಿಫ್ಟ್ ಬಿಡೋ ಹೊತ್ತಿಗೆ ಗೇಟಿನಲ್ಲಿ ಹಂಚೋಕೆ ನಮಗೆ ಕೈಗೆ ಬೇಕು."